ಜೇಡ ಕಟ್ಟಿದ ಜಾಹೀರಾತು

ಕಣಜದ ಗೋಡೆಯ ಮೇಲೆ ಇಲಿಯಮ್ಮ ದಿನಕ್ಕೊಂದು ಪಾಠ ಬರೆಯುತ್ತಿದ್ದಳು: ಬೆಕ್ಕಿನಿಂದ ಪಾರಾಗುವುದು ಹೇಗೆ. ಓದಲು ಕೇರಿಯ ಇಲಿಗಳೆಲ್ಲ ನೆರೆಯುತ್ತಿದ್ದವು.

ಒಂದು ದಿನ ಜೇಡ ಬಂದು, "ಅಮ್ಮಾ, ಪುಕ್ಕಟೆ ಯಾಕೆ ಬರೆಯುತ್ತೀರಿ? ಪಾಠದ ಕೆಳಗೆ ಜಾಹೀರಾತಿನ ಹಲಗೆ ಕಟ್ಟುತ್ತೇನೆ. ಒಬ್ಬರು ಮುಟ್ಟಿದರೆ ನಿಮಗೊಂದು ಕಾಳು," ಎಂದಿತು.

"ಎಂಥ ಜಾಹೀರಾತು?"

"ನಿಮ್ಮ ಬರಹಕ್ಕೆ ಹೊಂದುವಂಥದ್ದೇ."

ಮರುದಿನ ಹಲಗೆ ತೂಗಾಡಿತು: 'ಬೆಕ್ಕಿನ ಭಯವೇ? ಬೆಕ್ಕಮ್ಮ ಈಗ ಸಸ್ಯಾಹಾರಿ. ಹಲಗೆ ಮುಟ್ಟಿ, ನೇರ ಊಟದ ಮನೆಗೆ ಬನ್ನಿ.'

"ಅಯ್ಯೋ, ಇದು ಬೆಕ್ಕಿನದೇ!"

"ನಿಮ್ಮ ಪಾಠದಲ್ಲಿರುವುದೂ ಬೆಕ್ಕೇ ಅಲ್ಲವೇ ಅಮ್ಮಾ?"

ಅಷ್ಟರಲ್ಲಿ ಟಪ್ಪೆಂದು ಕಾಳು ಬಿತ್ತು. ಇಲಿಯಮ್ಮ ಮೂಸಿ ನೋಡಿದಳು. ಒಳ್ಳೆಯ ಕಾಳು. "ನನ್ನ ಓದುಗರೇನು ದಡ್ಡರೇ? ಮೇಲೆ ಎಚ್ಚರಿಕೆ ಬರೆದೇ ಇದ್ದೇನಲ್ಲ," ಎಂದುಕೊಂಡು, ಬೆಕ್ಕಿನ ಬಗ್ಗೆ ಇನ್ನಷ್ಟು ಬರೆದಳು. ಕಾಳು ಇನ್ನಷ್ಟು ಬಿದ್ದವು. ಓದುಗರು ಮಾತ್ರ ದಿನೇ ದಿನೇ ಕಡಿಮೆಯಾದರು.

ಕೊನೆಗೆ ಗೋಡೆಯ ಮುಂದೆ ಉಳಿದವಳು ಮಗಳು ಚಿಗುರಿ ಒಬ್ಬಳೇ. ಒಳಗೆ ಕಾಳು ಜೋಡಿಸುತ್ತಿದ್ದ ಇಲಿಯಮ್ಮನಿಗೆ ಮತ್ತೆ ಟಪ್ಪೆಂದು ಕೇಳಿಸಿತು.

"ಚಿಗುರೀ, ಇವತ್ತೂ ಒಂದು ಬಂತು ಕಣೇ! ಬಾ, ಇದು ನಿನಗೇ," ಎಂದು ಹಿಗ್ಗಿನಿಂದ ಕೂಗಿದಳು. ಸ್ವಲ್ಪ ಹೊತ್ತು ಕಾದು ಮತ್ತೆ ಕೂಗಿದಳು.