ನಿಂತದ್ದಕ್ಕೆಲ್ಲ ಚೀಟಿ

ಕೇಳೋರು ಕಾಲು ನೀಡಿ ಕುಂತ್ಕೊಳ್ಳಿ. ಕುಂತೋರಿಗೆ ಶುಲ್ಕ ಇಲ್ಲ. ನಿಂತರೆ ಮಾತ್ರ ಇದೆ. ಯಾಕೆ ಅಂತ ಕತೆ ಹೇಳುತ್ತದೆ.

ಬಿಳಿಗಲ್ಲೂರು ಅಂತ ಒಂದು ಊರು. ಆ ಊರಿನ ಬಸ್‌ಸ್ಟ್ಯಾಂಡಿನ ಎದುರು ಒಂದು ಬೇವಿನ ಮರ. ಮರದ ಅಡಿ ಒಂದು ತಳ್ಳುಗಾಡಿ. ಗಾಡಿಯ ಹಿಂದೆ ಓಬಮ್ಮ. ಗಂಡ ಸತ್ತ ವರ್ಷ ಒಂದು ಬಾಣಲೆ, ಒಂದು ಸೀಮೆಎಣ್ಣೆ ಸ್ಟೋವು ಇಟ್ಟುಕೊಂಡು ಶುರು ಮಾಡಿದವಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಿ ಮಾರಿ ಸ್ವಂತ ಗಾಡಿ ಮಾಡಿಕೊಂಡಳು. ಪೊಟ್ಟಣ ಕಟ್ಟುವ ಪೇಪರ್ ಓದಿ ಓದಿ ಅಕ್ಷರವನ್ನೂ ಕಲಿತಳು. ಯಾರ ಹತ್ತಿರವೂ ಕೈ ಚಾಚಿದವಳಲ್ಲ, ಯಾರಿಗೂ ತಲೆ ತಗ್ಗಿಸಿದವಳಲ್ಲ.

ಅಂಥವಳ ತಲೆ ಕೆಡಿಸೋಕೆ ದೇವರು ಒಬ್ಬ ಮಗನನ್ನು ಕೊಟ್ಟಿದ್ದ. ಹೆಸರು ಮುದ್ದೀರ. ಆಳು ನೋಡಿದರೆ ಬಾಗಿಲೆತ್ತರ. ಬುದ್ಧಿ ಮಾತ್ರ ಹೊಸಿಲು ದಾಟಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅಷ್ಟೇ ಅವನ ತಪ್ಪು. ಒಮ್ಮೆ, "ಹಾಲು ಉಕ್ಕುತ್ತೇನೋ ನೋಡ್ತಿರು" ಅಂದಳು ಓಬಮ್ಮ. ನೋಡುತ್ತಾ ಇದ್ದ. ಉಕ್ಕಿತು. ಪೂರ್ತಿ ಉಕ್ಕಿ ಒಲೆ ಆರುವವರೆಗೆ ನೋಡಿದ. "ಚೆನ್ನಾಗಿ ಉಕ್ತು ಅವ್ವ" ಅಂತ ಬಂದು ಹೇಳಿದ.

ಓಬಮ್ಮನಿಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚು. ಈ ಹುಡುಗನ ತಲೆಯೊಳಗೆ ಏನು ನಡೆಯುತ್ತದೆ? ಹಲಸಿನ ಹಣ್ಣಿನ ಹಾಗೆ ಬಿಡಿಸಿ ನೋಡುವ ಹಾಗಿದ್ದರೆ ನೋಡಿಬಿಡುತ್ತಿದ್ದಳು.

ಹೀಗಿರುವಾಗ ಪುರಸಭೆಯವರು ಒಂದು ತೀರ್ಮಾನ ಮಾಡಿದರು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ಪಾರ್ಕಿಂಗ್ ಶುಲ್ಕ. ಅದರೊಳಗೆ ಸಂಚಾರ ಯೋಜನೆಯ ಶುಲ್ಕವೂ ಸೇರಿದೆಯಂತೆ. ಸಂಚಾರ ಯೋಜನೆ ಅಂದರೆ ಏನು ಅಂತ ಸದಸ್ಯರಿಗೂ ಗೊತ್ತಿರಲಿಲ್ಲ. ಯಾರೋ ಪಟ್ಟಣದಿಂದ ಬಂದು ರಸ್ತೆಗೆ ಬಿಳಿ ಗೆರೆ ಎಳೆದು ಹೋದರು. ಅದೇ ಯೋಜನೆ ಇರಬೇಕು ಅಂತ ಎಲ್ಲರೂ ಕೈ ಎತ್ತಿದರು.

ಆ ಬಿಳಿ ಗೆರೆ ನೆಟ್ಟಗೆ ಬಂದು ಓಬಮ್ಮನ ಗಾಡಿಯ ಕೆಳಗೆ ನುಗ್ಗಿತ್ತು. ಅವಳ ಜಾಗದಲ್ಲಿ ಇನ್ನು ಕಾರು ನಿಲ್ಲಬೇಕಂತೆ.

ಓಬಮ್ಮ ಸೀದಾ ಪುರಸಭೆಗೆ ಹೋದಳು. ಅಧ್ಯಕ್ಷ ತಿಪ್ಪೇರುದ್ರಪ್ಪನ ಮೇಜಿನ ಮುಂದೆ ನಿಂತಳು.

"ಇಪ್ಪತ್ತು ವರ್ಷದ ಜಾಗ ಸ್ವಾಮಿ. ಬಿಡಲ್ಲ."

ತಿಪ್ಪೇರುದ್ರಪ್ಪನಿಗೆ ಬೇರೆ ಚಿಂತೆ ಇತ್ತು. ಶುಲ್ಕ ವಸೂಲಿಗೆ ಇಟ್ಟ ಆಳುಗಳೆಲ್ಲ ಅರ್ಧ ಪುರಸಭೆಗೆ, ಅರ್ಧ ಜೇಬಿಗೆ ಹಾಕುತ್ತಿದ್ದರು.

"ಓಬಕ್ಕ, ನಿನ್ನ ಮಗನಿಗೆ ಕದಿಯೋಕೆ ಬರುತ್ತಾ?"

"ಅಷ್ಟು ಬುದ್ಧಿ ಇದ್ದಿದ್ರೆ ನನಗ್ಯಾಕೆ ಚಿಂತೆ!"

"ಹಂಗಾದ್ರೆ ಕಳಿಸು. ಮುಂದಿನ ಮೀಟಿಂಗ್‌ವರೆಗೆ ದೂರು ಬರದ ಹಾಗೆ ವಸೂಲಿ ಮಾಡಲಿ. ನಿನ್ನ ಗಾಡಿ ಮರದಡಿಯೇ ಇರುತ್ತೆ. ದೂರು ಬಂತೋ, ಜಾಗ ಖಾಲಿ."

ಓಬಮ್ಮ ಯೋಚಿಸಿದಳು. ಮಗನ ಬುದ್ಧಿಗೆ ತನ್ನ ಜಾಗ ಅಡ ಇಟ್ಟ ಹಾಗಾಯಿತಲ್ಲ! ಬೇರೆ ದಾರಿ ಇರಲಿಲ್ಲ. ಹೂಂ ಅಂದಳು.

ಅಧ್ಯಕ್ಷರು ಮುದ್ದೀರನ ಕೈಗೆ ಚೀಟಿ ಪುಸ್ತಕ ಕೊಟ್ಟರು. "ಚಕ್ರ ಇದ್ದು ನಿಂತದ್ದು ಏನೇ ಆಗಲಿ, ಚೀಟಿ ಹರಿ, ಹತ್ತು ರೂಪಾಯಿ ಇಸ್ಕೋ. ಚೀಟಿ ಅಂಟಿಸಿದ ಗಾಡಿಯನ್ನು ಸಂಜೆವರೆಗೆ ದೇವರು ಬಂದ್ರೂ ಅಲುಗಿಸೋ ಹಾಗಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು ಸ್ವಾಮಿ."

ಮೊದಲು ಬಂದದ್ದೇ ಅವ್ವನ ಹತ್ತಿರ. "ಅವ್ವಾ, ಚಕ್ರ ಇದೆ, ನಿಂತಿದೆ. ಹತ್ತು ರೂಪಾಯಿ."

"ಹೆತ್ತೋಳ ಹತ್ರಾನೇನೋ! ಹೋಗೋ ಆ ಕಡೆ!"

ಆ ಕಡೆ ಹೋದ. ಸಾಣೆ ಹಿಡಿಯುವವನು ಚಕ್ರ ನಿಲ್ಲಿಸಿ ಬೀಡಿ ಹಚ್ಚಿದ್ದ. ಹರಿದ ಚೀಟಿ. ಮೂರು ಚಕ್ರದ ಸೈಕಲ್ಲಿನ ಮೇಲೆ ಮಗುವೊಂದು ಮೂಗು ಸುರಿಸುತ್ತಿತ್ತು. ಹರಿದ ಚೀಟಿ. ಅಷ್ಟರಲ್ಲಿ ಜನ ತುಂಬಿದ ಬಸ್ಸು ಬಂದು ನಿಂತಿತು. ಮುದ್ದೀರ ಓಡಿಹೋಗಿ ಎದುರಿಗೆ ಕೈ ಚಾಚಿ ನಿಂತ. "ಚಕ್ರ ಇದೆ, ನಿಂತಿದೆ! ಹತ್ತು ರೂಪಾಯಿ!"

"ಏಯ್, ಜನ ಇಳೀತಿದಾರೆ ಕಣೋ!" ಅಂದ ಕಂಡಕ್ಟರ್.

"ಇಳೀಲಿ. ಬಸ್ಸು ನಿಂತಿದೆಯಲ್ಲ!"

ಚೀಟಿಯನ್ನು ಗಾಜಿಗೆ ಅಂಟಿಸಿದ. ಇನ್ನು ಸಂಜೆವರೆಗೆ ಅಲುಗುವ ಹಾಗಿಲ್ಲ ಅಂದ. ಡ್ರೈವರ್ ಇಳಿದು ಬಂದು ಬೆನ್ನಿಗೆ ನಾಲ್ಕು ಬಿಟ್ಟ.

ಓಬಮ್ಮ ಓಡಿಬಂದು ಕಂಡಕ್ಟರಿಗೆ ಬಿಸಿ ಬಿಸಿ ಬಜ್ಜಿ ಕೊಟ್ಟು ಸಮಾಧಾನ ಮಾಡಿದಳು. ಆಮೇಲೆ ಮಗನ ಕಿವಿ ಹಿಡಿದಳು. "ಲೇ ಪೆದ್ದೇ! ಚಕ್ರ ನೋಡ್ತಾರೇನೋ? ಒಳಗೆ ನೋಡ್ಬೇಕು! ಒಳಗೆ ಮನುಷ್ಯರಿದ್ರೆ ಬಿಟ್ಟುಬಿಡು. ಒಳಗೆ ಯಾರೂ ಇಲ್ದೆ ಖಾಲಿ ನಿಂತಿದ್ರೆ, ಏನೇ ಆಗಲಿ, ಆಗ ಹರಿ ಚೀಟಿ!"

"ಹಂಗೇ ಮಾಡ್ತೀನಿ ಅವ್ವ."

ಹಾಗೇ ಮಾಡಿದ. ಸುದ್ದಿ ಊರಿಗೆ ಹಬ್ಬಿತು. ಅಕ್ಕಿ ಮಿಲ್ಲಿನ ಸಾಹುಕಾರ ಕಾರಿನೊಳಗೆ ತನ್ನ ಮುದಿ ಅತ್ತೆಯನ್ನು ಕೂರಿಸಿ ಕೆಲಸಕ್ಕೆ ಹೋಗತೊಡಗಿದ. ಅಜ್ಜಿಗೂ ಖುಷಿ, ಬಂದುಹೋಗುವವರನ್ನು ನೋಡುತ್ತಾ ಕೂತಿರುತ್ತಿದ್ದಳು. ಇದಕ್ಕೆ ದೂರು ಕೊಡೋರು ಯಾರು?

ಆದರೆ ಒಂದು ಬೆಳಿಗ್ಗೆ ದರ್ಜಿ ಹಾಲಪ್ಪನ ಅಪ್ಪ ತೀರಿಕೊಂಡ. ಮನೆ ಮುಂದೆ ಬಿದಿರಿನ ಚಟ್ಟ ಕಟ್ಟಿ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮುದ್ದೀರ ಸುತ್ತ ಬಂದು ನೋಡಿದ. ಯಾರೂ ಇಲ್ಲ. ಖಾಲಿ. ನಿಂತಿದೆ.

"ಯಾರದಿದು? ಹತ್ತು ರೂಪಾಯಿ!"

ಹಾಲಪ್ಪ ಅಳುವುದನ್ನೇ ನಿಲ್ಲಿಸಿದ. "ಏನಂದೆ?"

"ಒಳಗೆ ಯಾರೂ ಇಲ್ವಲ್ಲ."

"ಬರ್ತಾರೆ ಕಣೋ! ಇನ್ನೇನು ನಮ್ಮಪ್ಪ ಬರ್ತಾನೆ!"

"ಬಂದ ಮೇಲೆ ಅವರೇ ಕೊಡ್ತಾರಾ?"

ಹೆಣದ ಮನೆಯಲ್ಲಿ ಹೊಡೆದಾಟ ಆಗಬಾರದು ಅಂತಾರೆ. ಅವತ್ತು ಆಯಿತು.

ಓಬಮ್ಮ ಹಾಲಪ್ಪನ ಮನೆಗೆ ಹೋಗಿ, ದೂರು ಕೊಡಬೇಡ ತಮ್ಮಾ ಅಂತ ಕೇಳಿಕೊಂಡಳು. ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿಕೊಳ್ಳದವಳು! ಬಂದವಳೇ ಮಗನ ಮೇಲೆ ಹರಿಹಾಯ್ದಳು. "ಜನ ಗುಂಪು ಕಟ್ಟಿ ನಿಂತಿದ್ರೆ ದುಡ್ಡು ಕೇಳ್ತಾರೇನೋ! ಟವಲ್ಲಲ್ಲಿ ಕಣ್ಣೊರೆಸಿಕೊಂಡು, 'ಆಗಿದ್ದು ಆಗಿಹೋಯ್ತು, ಧೈರ್ಯ ತಂದ್ಕೊಳ್ಳಿ, ನಮ್ಮ ಕೈಲಿ ಏನಿದೆ' ಅಂತ ಹೇಳಿ ಮುಂದೆ ಹೋಗ್ಬೇಕು!"

"ಹಂಗೇ ಮಾಡ್ತೀನಿ ಅವ್ವ."

ಹಾಗೇ ಮಾಡಿದ. ಮಾರನೇ ದಿನವೇ ಛತ್ರದ ಮುಂದೆ ಜನ ಗುಂಪು ಕಟ್ಟಿದ್ದರು. ಹೂವು ಸುತ್ತಿದ ಕಾರು, ಕಾರಿನಿಂದ ಇಳಿಯುತ್ತಿರುವ ಹೊಸ ಗಂಡು, ಹೊಸ ಹೆಣ್ಣು. ಮುದ್ದೀರ ಟವಲ್ಲಿನಿಂದ ಕಣ್ಣೊರೆಸಿಕೊಂಡ. ಮದುಮಗನ ಭುಜ ತಟ್ಟಿದ.

"ಆಗಿದ್ದು ಆಗಿಹೋಯ್ತು ಕಣಣ್ಣ. ಧೈರ್ಯ ತಂದ್ಕೋ. ನಮ್ಮ ಕೈಲಿ ಏನಿದೆ?"

ಮದುಮಗ ಹುಬ್ಬೇರಿಸಿ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಮಾವ ಓಲಗದವನ ಕೋಲು ಕಿತ್ತುಕೊಂಡ. ಒಬ್ಬ ಮುದುಕ ಮಾತ್ರ, "ಹುಡುಗ ಸರಿಯಾಗೇ ಹೇಳಿದ ಬಿಡ್ರೋ" ಅಂತ ನಡುವೆ ಬಂದು ಬಿಡಿಸಿದ.

"ಅಯ್ಯೋ ನನ್ನ ಹಣೆಬರಹವೇ!" ಅಂದಳು ಓಬಮ್ಮ. "ಯಾಕೋ ಹಂಗಂದೆ?"

"ನೀನೇ ಹೇಳಿದ್ದು ಅವ್ವ. ಅಲ್ಲೂ ಹೂವು ಇತ್ತು, ಇಲ್ಲೂ ಹೂವು ಇತ್ತು. ಅಲ್ಲೂ ಹೆಂಗಸರು ಅಳ್ತಿದ್ರು, ಇಲ್ಲೂ ಹುಡುಗಿ ಅವ್ವ ಅಳ್ತಿದ್ಲು."

ಓಬಮ್ಮ ಅವನ ಬೆನ್ನಿನ ಧೂಳು ಕೊಡವಿದಳು. ಹೌದಲ್ಲ! ಇವನು ನೋಡುವುದೇನೋ ಸರಿಯಾಗೇ ನೋಡುತ್ತಾನೆ. ನೋಡಿದ ಮೇಲೆ ಎಲ್ಲಿಗೆ ಹೋಗಿಬಿಡುತ್ತಾನೆ? ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಮದುವೆಯ ಅಕ್ಷತೆ ಬಿಚ್ಚಿ ಅವನ ಟವಲ್ಲಿಗೆ ಕಟ್ಟಿದಳು. "ತಗೋ. ದೊಡ್ಡ ಜನ ಕಾರು ಜೀಪಿನಲ್ಲಿ ಬಂದು ಗುಂಪು ಸೇರಿಸಿದ್ರೆ ಅಳಬೇಡ. ನಗುನಗ್ತಾ ಅಕ್ಷತೆ ಎರಚು. 'ನೂರು ಕಾಲ ಹಿಂಗೇ ಇರಿ' ಅನ್ನು. ಇನ್ನೊಂದು ಮಾತು ಆಡ್ಬೇಡ!"

"ಹಂಗೇ ಮಾಡ್ತೀನಿ ಅವ್ವ."

ಹಾಗೇ ಮಾಡಿದ! ಮೀಟಿಂಗಿಗೆ ಇನ್ನೇನು ಎರಡೇ ದಿನ. ಚರಂಡಿ ಪೈಪಿಗೆ ಅಂತ ಪುರಸಭೆಯವರೇ ರಸ್ತೆ ನಡುವೆ ಗುಂಡಿ ತೋಡಿ ಮರೆತಿದ್ದರು. ಪುರಸಭೆಯ ಅಧ್ಯಕ್ಷರೇ ಜೀಪು ಸಮೇತ ಅದರೊಳಗೆ ಇಳಿದರು. ಜೀಪು ಮೂಗು ಕೆಳಗೆ ಮಾಡಿ ನಿಂತಿತು. ತಿಪ್ಪೇರುದ್ರಪ್ಪ ಸೊಂಟದವರೆಗೆ ಕೆಸರಿನಲ್ಲಿ ನಿಂತು, "ಯಾರಾದ್ರೂ ಬರ್ರೋ!" ಅಂತ ಕೂಗಿದರು. ಜನ ಸೇರಿದರು. ಗುಂಪು ಸೀಳಿಕೊಂಡು ಮುದ್ದೀರ ಬಂದ. ನಗುನಗುತ್ತಾ ಟವಲು ಬಿಚ್ಚಿದ. ಅಧ್ಯಕ್ಷರ ತಲೆ ಮೇಲೆ ಅಕ್ಷತೆ ಸುರಿದ.

"ನೂರು ಕಾಲ ಹಿಂಗೇ ಇರಿ ಸ್ವಾಮಿ!"

ಗುಂಪು ಗೊಳ್ಳೆಂದಿತು. ಕೆಸರಿನೊಳಗಿಂದ ತಿಪ್ಪೇರುದ್ರಪ್ಪ ಬೆರಳೆತ್ತಿದರು. "ಮೀಟಿಂಗೂ ಇಲ್ಲ, ಗೀಟಿಂಗೂ ಇಲ್ಲ! ನಾಳೆಯೇ ಮರದಡಿ ಪಾರ್ಕಿಂಗ್ ಬೋರ್ಡು ನಿಲ್ಲುತ್ತೆ! ನಿನ್ನವ್ವನ ಗಾಡಿ ಅಲ್ಲಿ ಕಂಡ್ರೆ ನೋಡು!"

ಓಬಮ್ಮ ಅವತ್ತು ಮಗನಿಗೆ ಹೊಡೆಯಲಿಲ್ಲ. ಕೈಯೇ ಏಳಲಿಲ್ಲ. ಬಾಣಲೆ ಇಳಿಸಿ ಪಕ್ಕದಲ್ಲಿ ಕೂತಳು.

"ಗುಂಡಿಯಲ್ಲಿ ಸಿಕ್ಕೊಂಡೋರಿಗೆ ಅಕ್ಷತೆ ಹಾಕ್ತಾರೇನೋ ಮಗನೇ? ನಾಲ್ಕು ಜನರನ್ನ ಕರೀಬೇಕು. ಹಗ್ಗ ಹಾಕಿ ಮೇಲೆಳೀಬೇಕು. ಮೈ ತೊಳೆದು, ಒಣಬಟ್ಟೆ ಹೊದಿಸಿ, ಬಸ್ಸು ಹತ್ತಿಸಿ ಊರಿಗೆ ಕಳಿಸ್ಬೇಕು. ಯಾರು, ಯಾವೂರು ಅಂತ ಕೂಡ ಕೇಳಬಾರದು. ಅದು ಮನುಷ್ಯತ್ವ."

"ಹಂಗೇ ಮಾಡ್ತೀನಿ ಅವ್ವ."

"ಇನ್ನೇನು ಮಾಡ್ತೀಯ," ಅಂದಳು ಓಬಮ್ಮ.

ಬೆಳಿಗ್ಗೆ ಎದ್ದವಳೇ, ಪುರಸಭೆಯವರು ತಳ್ಳುವ ಮೊದಲು ತನ್ನ ಗಾಡಿಯನ್ನು ತಾನೇ ತಳ್ಳಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನ ಗೋಡೆಯ ಹಿಂದೆ ನಿಲ್ಲಿಸಿದಳು. ಸ್ಟೋವು ಹಚ್ಚಲಿಲ್ಲ. ಮರದ ಕಡೆ ಬೆನ್ನು ಮಾಡಿ ಕೂತಳು.

ಗಾರೆಯವನು ಬಂದು ಮರದಡಿ ಗುಂಡಿ ತೋಡಿದ. ಕಬ್ಬಿಣದ ಎರಡು ಕಾಲಿನ ತಗಡಿನ ಬೋರ್ಡು ತಂದು ನಿಲ್ಲಿಸಿದ, ಕಾಲಿಗೆ ಹಸಿ ಸಿಮೆಂಟು ಸುರಿದ. ಅಧ್ಯಕ್ಷರು ತೆರೆ ಸರಿಸಬೇಕಲ್ಲ, ಅದಕ್ಕೆ ಬೋರ್ಡಿನ ಮುಖಕ್ಕೆ ಒಂದು ಬಟ್ಟೆ ಮುಚ್ಚಿ ಚಹಾ ಕುಡಿಯಲು ಹೋದ.

ಮುದ್ದೀರ ಬಂದ. ನೋಡಿದ. ಎರಡು ಕಾಲೂ ಗುಂಡಿಯೊಳಗೆ! ಮೈಗೆಲ್ಲ ಗಾರೆ! ನಾಚಿಕೆಗೆ ಮುಖಕ್ಕೆ ಮುಸುಕು ಬೇರೆ!

"ಅಯ್ಯೋ ಪಾಪ! ಬರ್ರಪ್ಪೋ, ನಾಲ್ಕು ಜನ ಬರ್ರಿ!"

ಬಸ್‌ಸ್ಟ್ಯಾಂಡಿನ ಹಮಾಲರು ಬಂದರು. ಅವರ ಕೈಗಾಡಿಗಳಿಗೂ ಆ ಬೋರ್ಡು ಕುತ್ತು ತರುವುದಿತ್ತು. ಹಾಗಾಗಿ ಯಾಕೆ ಏನು ಅಂತ ಅವರೂ ಕೇಳಲಿಲ್ಲ. ಹಗ್ಗ ಹಾಕಿದರು. ಐಸಾ ಅಂದರು. ಬೋರ್ಡು ಮೇಲೆ ಬಂತು. ಮುದ್ದೀರ ನಲ್ಲಿಯ ಹತ್ತಿರ ಕರೆದೊಯ್ದು ತೆಂಗಿನ ನಾರಿನಿಂದ ಮೈ ಉಜ್ಜಿದ. ಒಣಗದ ಬಣ್ಣ, ಅಕ್ಷರವೆಲ್ಲ ಗಾರೆಯ ಜೊತೆ ಹರಿದುಹೋಯಿತು. ತನ್ನ ಟವಲು ಹೊದಿಸಿದ. ಬಸ್ಸೊಂದು ಹೊರಟು ನಿಂತಿತ್ತು. ಮೇಲೆ ಹತ್ತಿಸಿದ.

ಬ್ಯಾಂಡು ಬಂತು. ಹಾರ ಬಂತು. ತೆಂಗಿನಕಾಯಿ ಹಿಡಿದು ಅಧ್ಯಕ್ಷರು ಬಂದರು. ಮರದಡಿ ಒಂದು ಗುಂಡಿ, ಅಷ್ಟೇ.

"ಬೋರ್ಡೆಲ್ಲೋ?"

"ಊರಿಗೆ ಕಳಿಸ್ದೆ ಸ್ವಾಮಿ. ಟಿಕೆಟ್ಟು ನಾನೇ ತೆಗೆಸ್ದೆ."

ಗೋಡೆಯ ಹಿಂದೆ ಕೂತಿದ್ದ ಓಬಮ್ಮನಿಗೆ ಊರಿಗೆ ಊರೇ ನಗುವುದು ಕೇಳಿಸಿತು. ಎದ್ದು ಬಂದಳು. ಗುಂಡಿ ನೋಡಿದಳು, ಮಗನ ಒದ್ದೆ ಕೈ ನೋಡಿದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಹಿಂದಕ್ಕೆ ಹೋಗಿ ಗಾಡಿ ತಳ್ಳಿಕೊಂಡು ಬಂದು ಗುಂಡಿಯ ಮೇಲೇ ನಿಲ್ಲಿಸಿದಳು.

"ಲೇ ಮುದ್ದೀರ, ಈ ಗಾಡಿ ನಿಂತಿದೆಯಾ?"

"ನಿಂತಿದೆ ಅವ್ವ."

"ಒಳಗೆ ಮನುಷ್ಯರಿದಾರಾ?"

ಮುದ್ದೀರ ಬಗ್ಗಿ ನೋಡಿದ. "ಮೆಣಸಿನಕಾಯಿ ಇದಾವೆ."

"ಹಂಗಾದ್ರೆ ಹರಿ ಚೀಟಿ!" ಸೊಂಟದಿಂದ ಹತ್ತರ ನೋಟು ತೆಗೆದು ಕೊಟ್ಟಳು. ಪುರಸಭೆಯವರು ವಾಪಸು ಕೇಳಲು ಮರೆತಿದ್ದ ಪುಸ್ತಕದಿಂದ ಹರಿದು, ಅವನು ಚೀಟಿಯನ್ನು ಚಕ್ರದ ಮೇಲೆ ಅಂಟಿಸಿದ.

"ತಳ್ಳುಗಾಡಿಗೆ ಇಲ್ಲಿ ಜಾಗ ಇಲ್ಲ!" ಅಂತ ಕೂಗಿದರು ತಿಪ್ಪೇರುದ್ರಪ್ಪ.

"ಹಂಗಂತ ಎಲ್ಲಿ ಬರೆದಿದೆ ಸ್ವಾಮಿ?"

"ಬೋರ್ಡಿನ ಮೇಲೆ!"

"ಬೋರ್ಡೆಲ್ಲಿ?"

"ಇಷ್ಟೊತ್ತಿಗೆ ದಾವಣಗೆರೆ ಹತ್ರ ಹೋಗಿರ್ಬೇಕು" ಅಂದ ಮುದ್ದೀರ. "ಗಾಡಿ ಮುಟ್ಬೇಡಿ ಸ್ವಾಮಿ. ಚೀಟಿ ಇದೆ. ದೇವರು ಬಂದ್ರೂ ಮುಟ್ಟೋ ಹಾಗಿಲ್ಲ."

ಅಧ್ಯಕ್ಷರು ತೆಂಗಿನಕಾಯಿ ಹಿಡಿದುಕೊಂಡೇ ವಾಪಸು ಹೋದರು. ಓಬಮ್ಮ ಸ್ಟೋವು ಹಚ್ಚಿದಳು. ಎಣ್ಣೆ ಕಾಯುವವರೆಗೆ ಮಗನನ್ನೇ ನೋಡಿದಳು.

"ದಾವಣಗೆರೆ ಬಸ್ಸೇ ಯಾಕೆ ಹತ್ತಿಸಿದೆಯೋ?"

"ಯಾವೂರು ಅಂತ ಕೇಳಬಾರದು ಅಂದಿದ್ದೆಯಲ್ಲ ಅವ್ವ. ಆ ಬಸ್ಸಲ್ಲಿ ಜಾಗ ಇತ್ತು."

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಾರನೇ ದಿನ ಅದೇ ಬಸ್ಸು ಬೋರ್ಡನ್ನು ವಾಪಸು ತಂತು. ಪುರಸಭೆಯವರು ಹೊಸದಾಗಿ ಬಣ್ಣ ಬರೆಸಿ, ಊರು ಮತ್ತೆ ನಕ್ಕೀತು ಅಂತ ಓಬಮ್ಮನ ಗಾಡಿ ಬಿಟ್ಟು, ಆಚೆ ಕಂಬದ ಹತ್ತಿರ ನಿಲ್ಲಿಸಿದರು. ಮುದ್ದೀರ ಮೂರು ಸುತ್ತು ಬಂದ. ಈ ಸಲ ಗುಂಡಿ ಇಲ್ಲ. ಗುಂಪು ಇಲ್ಲ. ಹೂವಿಲ್ಲ. ಒಳಗೆ ಮನುಷ್ಯರೂ ಇಲ್ಲ. ಖಾಲಿ. ನಿಂತಿದೆ.

ಹರಿದ ಚೀಟಿ! 'ಪಾರ್ಕಿಂಗ್ ಶುಲ್ಕ' ಅನ್ನುವ ಅಕ್ಷರದ ಮೇಲೆಯೇ ಅಂಟಿಸಿ, ನೆಟ್ಟಗೆ ಪುರಸಭೆಗೆ ಹೋಗಿ ಕೈ ಚಾಚಿದ. "ನಿಮ್ಮ ಬೋರ್ಡು ನಿಂತಿದೆ. ಹತ್ತು ರೂಪಾಯಿ."

ಮಾರನೇ ದಿನವೂ ಹೋದ. ಅದರ ಮಾರನೇ ದಿನವೂ ಹೋದ. ಕೊನೆಗೆ ಅವರು ಬೋರ್ಡು ಕಿತ್ತು ಪುರಸಭೆಯ ಉಗ್ರಾಣದಲ್ಲಿ ಮಲಗಿಸಿದರು. ಮಲಗಿದ್ದಕ್ಕೆ ಶುಲ್ಕ ಇಲ್ಲ. ಅದನ್ನು ಮತ್ತೆ ನಿಲ್ಲಿಸಿದರೆ ಆ ಹತ್ತು ರೂಪಾಯಿಯನ್ನು ಯಾವ ಲೆಕ್ಕದಿಂದ ಕೊಡಬೇಕು ಅಂತ ಬಿಳಿಗಲ್ಲೂರಿನ ಸದಸ್ಯರು ಇನ್ನೂ ಚರ್ಚೆ ಮಾಡುತ್ತಿದ್ದಾರೆ.

ಚರ್ಚೆ ಅಲ್ಲಿ ಕೂತಿದೆ, ಕತೆ ಇಲ್ಲಿ ನಿಂತಿದೆ. ಮುದ್ದೀರ ಬಂದು ಇದಕ್ಕೂ ಚೀಟಿ ಹರಿಯುವ ಮೊದಲು ಏಳಿ, ಬಜ್ಜಿ ಬಿಸಿಯಾಗಿದೆ.