ಕೆರೆಯ ಪ್ರಾಣಿಯನ್ನು ಹಿಡಿದವನು

ಕೆರೆಯಲ್ಲಿ ದೋಣಿವಿಹಾರ ನಡೆಸಬೇಕೆಂದಿದ್ದ ಶಾಂತವೀರಪ್ಪನವರಿಗೆ ಮಡಿವಾಳನ ಒಗೆಯುವ ಬಂಡೆ ಅಡ್ಡವಾಗಿತ್ತು. ಮಡಿವಾಳನಿಗೆ ಆ ಬಂಡೆಯೇ ಬದುಕು.

ಶಾಂತವೀರಪ್ಪನವರು ಅರ್ಜಿಯ ಜೊತೆಗೆ ತಹಶೀಲ್ದಾರರಿಗೆ ಒಂದು ವಿಡಿಯೋ ತೋರಿಸಿದರು. ಜೊಂಡಿನ ನಡುವೆ ಕಪ್ಪು ಮೈಯ ದೊಡ್ಡ ಪ್ರಾಣಿ ತೆವಳುತ್ತಿತ್ತು.

"ನರಭಕ್ಷಕ, ಸ್ವಾಮಿ! ಬಂಡೆಯ ಹತ್ತಿರ ಯಾರನ್ನೂ ಬಿಡಬೇಡಿ."

ತಹಶೀಲ್ದಾರರು ಮಡಿವಾಳನನ್ನು ಕರೆಸಿದರು. ಅವನು ಬಟ್ಟೆಯ ಗಂಟು ಹೊತ್ತೇ ಬಂದ. ವಿಡಿಯೋವನ್ನು ಮೂರು ಸಲ ನೋಡಿದ.

"ಇದನ್ನು ನಾನು ಆಗಲೇ ಹಿಡಿದಿದ್ದೇನೆ, ಸ್ವಾಮಿ."

ಶಾಂತವೀರಪ್ಪನವರು ಬೆವರಿದರು. "ಕಚ್ಚಲಿಲ್ಲವೇನೋ?"

"ಪಾಪ, ಸಾಧು ಪ್ರಾಣಿ. ಸೋಮವಾರ ಬಂಡೆಗೆ ಹನ್ನೆರಡು ಸಲ ಬಡಿದೆ. ಒಮ್ಮೆಯೂ ಕೂಗಲಿಲ್ಲ. ಬರೀ ಕೆಸರು ಕಕ್ಕಿತು."

ತಹಶೀಲ್ದಾರರು ಪೆನ್ನು ಕೆಳಗಿಟ್ಟರು.

ಮಡಿವಾಳ ಗಂಟು ಬಿಚ್ಚಿ ಒಂದು ಕಪ್ಪು ಕಂಬಳಿ ಹರವಿದ. "ಬಟ್ಟೆ ಅದಲುಬದಲಾಗಬಾರದೆಂದು ಮನೆಗೊಂದು ದಾರದ ಗುರುತು ಹಾಕುತ್ತೇನೆ. ಒಗೆಯಲು ಬಂದ ಈ ಕಂಬಳಿಯ ಮೂರು ಕೆಂಪು ಹೊಲಿಗೆ ಶಾಂತವೀರಪ್ಪ ಧಣಿಗಳ ಮನೆಯದು. ವಿಡಿಯೋದಲ್ಲಿ ಪ್ರಾಣಿಯ ಕತ್ತು ನೋಡಿ."

ತಹಶೀಲ್ದಾರರು ನೋಡಿದರು, ನಕ್ಕರು, ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

ಮಡಿವಾಳ ಕಂಬಳಿಯನ್ನು ನೀಟಾಗಿ ಮಡಚಿ ಶಾಂತವೀರಪ್ಪನವರ ಕೈಗಿಟ್ಟ.

"ಇನ್ನೊಮ್ಮೆ ಕೆರೆಗೆ ಬಿಡುವಾಗ ಬಿಸಿಲಿರುವ ದಿನ ನೋಡಿ ಬಿಡಿ, ಧಣಿ. ಮೋಡ ಕವಿದರೆ ಈ ಪ್ರಾಣಿ ಒಣಗುವುದಿಲ್ಲ."