ಅತ್ತಿಮರ ಬಿಟ್ಟು ಬಂದ ಅಳಿಲಮ್ಮ

ಹಳ್ಳದ ಆಚೆ ದಡದ ಅತ್ತಿಮರದಲ್ಲಿ ಅಳಿಲುಗಳಿದ್ದವು, ಈಚೆ ದಡದ ಗೋಣಿಮರದಲ್ಲಿ ಕರಿಮೋರೆಯ ಕೋತಿಗಳಾದ ಮುಸುವಗಳು. ಅತ್ತಿಮರಕ್ಕೆ ಹಾವೊಂದು ಸೇರಿಕೊಂಡಿದೆಯೆಂದು ಕೇಳಿದ ಮುಸುವಗಳ ಯಜಮಾನ, "ಪಾಪ, ಅಳಿಲುಗಳನ್ನು ಕಾಪಾಡೋಣ" ಎಂದು ಹಿಂಡನ್ನೆಲ್ಲ ಕಟ್ಟಿಕೊಂಡು ಅಲ್ಲಿಗೆ ನುಗ್ಗಿದ. ಅವರ ಹಾರಾಟಕ್ಕೆ ಕೊಂಬೆಗಳು ಮುರಿದವು, ಗೂಡುಗಳು ಹಳ್ಳದ ಪಾಲಾದವು. ಹಾವು ಮಾತ್ರ ಬೇರಿನ ಸಂದಿಯಲ್ಲಿ ಸುಖವಾಗಿತ್ತು.

ಮರುದಿನ ಅಳಿಲಮ್ಮ ಬದುಕುಳಿದ ಒಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೋಣಿಮರಕ್ಕೆ ಬಂದಳು.

ಮರದ ಪೊಟರೆಯ ಬಾಯಿಗೆ ಬಾಲವನ್ನು ಅಡ್ಡ ಚಾಚಿ ಯಜಮಾನ ಗದರಿದ: "ಬೆನ್ನ ಮೇಲೆ ಗೆರೆ ಇರುವವರಿಗೆ ಇಲ್ಲಿ ಜಾಗವಿಲ್ಲ. ನಿನ್ನ ಮರಕ್ಕೆ ಹೋಗು."

ಅಳಿಲಮ್ಮ ಮರಿಯನ್ನು ಕೆಳಗಿಟ್ಟು ಹೇಳಿದಳು: "ಹೋಗುವ ಆಸೆ ನನಗೂ ಇದೆ, ಯಜಮಾನರೇ. ಆದರೆ ನೀವು ಬಂದುಹೋದ ಮೇಲೆ ಅಲ್ಲಿ ಗೂಡು ಕಟ್ಟಲು ಒಂದು ಕೊಂಬೆಯೂ ಉಳಿದಿಲ್ಲ."

"ನಿಮ್ಮನ್ನು ಕಾಪಾಡಲೆಂದೇ ಬಂದೆವಲ್ಲ!"

ಪಕ್ಕದಲ್ಲಿ ತನ್ನ ಮರಿಗೆ ಹಾಲೂಡುತ್ತಿದ್ದ ಯಜಮಾನನ ಹೆಂಡತಿ ಕೇಳಿದಳು: "ಅವರು ನಮ್ಮನ್ನು ಕರೆದಿದ್ದರೇನು?"

ಅಳಿಲಿನ ಮರಿ ಚಳಿಗೆ ನಡುಗುತ್ತಿತ್ತು. ಯಜಮಾನ ಅದನ್ನು ನೋಡಿದ. ಆಮೇಲೆ ಪೊಟರೆಯ ಬಾಯಿಗೆ ಅಡ್ಡವಾಗಿ ಚಾಚಿದ್ದ ತನ್ನ ಬಾಲವನ್ನು ಮೆಲ್ಲಗೆ ಎತ್ತಿಕೊಂಡ.